ಸುಣ್ಣದ ಗೆರೆಯ ಸಭಾಮಂದಿರ

ಅಧ್ಯಕ್ಷನಾಗುವ ಉದ್ದೇಶ ನೇಮಣ್ಣನಿಗೆ ಇರಲಿಲ್ಲ. ಕುಳಿತುಕೊಳ್ಳುವ ಉದ್ದೇಶವಷ್ಟೇ ಇತ್ತು. ರವಿವಾರ ಪೇಟೆಯ ಸಗಟು ಕಿರಾಣಿ ಅಂಗಡಿಯಲ್ಲಿ ಅವನು ಗುಮಾಸ್ತ. ದಿನವಿಡೀ ಗಾದಿಯ ಮೇಲೆ ಕಾಲು ಮಡಚಿ ಕೂತು ಕೂತು ಅವನ ಮೊಣಕಾಲು ಹೇಳಿದ ಮಾತು ಕೇಳದಂತಾಗಿತ್ತು. ಆ ಸಂಜೆ ಕಲ್ಲಯ್ಯ ಮಾಸ್ತರರ ಪಡಸಾಲೆಯಲ್ಲಿ ವಸ್ತಿಯವರ ಸಭೆ ಸೇರಿದಾಗ ಎಲ್ಲರೂ ಜಮಖಾನೆಯ ಮೇಲೆ ಕೂತಿದ್ದರು. ಇದ್ದ ಒಂದು ಕುರ್ಚಿ ಖಾಲಿ ಇತ್ತು. ತಡವಾಗಿ ಬಂದ ನೇಮಣ್ಣ ಮೊಣಕಾಲು ನೀವಿಕೊಂಡು ಅದರಲ್ಲಿ ಕೂತು ಒಮ್ಮೆ ಕೆಮ್ಮಿದ. ಕೆಮ್ಮಿದ ಕೂಡಲೇ ಸಭೆ ಸುಮ್ಮನಾಯಿತು.

“ಸುರು ಮಾಡ್ರಿ ಅಧ್ಯಕ್ಷರ,” ಎಂದರು ಮಾಸ್ತರರು.

ನೇಮಣ್ಣ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯ ಹೊರತು ಯಾರೂ ಇರಲಿಲ್ಲ. ಹೀಗೆ ಅವನು ಅಧ್ಯಕ್ಷನಾದ. ದೊಡ್ಡ ದೊಡ್ಡ ಊರುಗಳಲ್ಲೂ ಅಧ್ಯಕ್ಷರಾಗುವುದು ಹೆಚ್ಚುಕಡಿಮೆ ಹೀಗೆಯೇ ಎಂದು ಕೇಳಿದ್ದೇವೆ.

ಈ ವಸ್ತಿ ಬೆಳಗಾವಿಯ ರೈಲು ಗೇಟಿನಾಚೆ ಹೊಸದಾಗಿ ಎದ್ದದ್ದು. ಪೇಟೆಯ ಇಕ್ಕಟ್ಟು ಸಾಕಾದ ಗುಮಾಸ್ತರು, ಶಹಾಪುರದಿಂದ ಮಗ್ಗ ಹೊತ್ತು ತಂದ ನೇಕಾರರು, ಒಂದಿಬ್ಬರು ಮಾಸ್ತರರು ಅಲ್ಲಿ ಮನೆ ಕಟ್ಟಿಕೊಂಡಿದ್ದರು. ಮನೆಗಳಿದ್ದವು, ಅವನ್ನು ಬಿಟ್ಟು ಮತ್ತೇನೂ ಇರಲಿಲ್ಲ. ಉಪ್ಪು ಬೇಕಾದರೆ ಗೇಟು ದಾಟಬೇಕು, ಪತ್ರಿಕೆ ಓದಬೇಕಾದರೆ ಗೇಟು ದಾಟಬೇಕು. ಗೇಟು ಮಾತ್ರ ತನ್ನ ಮರ್ಜಿ ಬಂದಾಗ ಮುಚ್ಚುತ್ತಿತ್ತು. ಹಿಂದಿನ ವರ್ಷ ಒಂದು ಲಗ್ನದಲ್ಲಿ ಮದುಮಗ ಗೇಟಿನ ಆಚೆ, ಮದುಮಗಳು ಈಚೆ, ನಡುವೆ ಸರಕಿನ ಗಾಡಿ ನಿಂತು ಮುಹೂರ್ತ ಮೀರಿಹೋಗಿತ್ತು. ಆದ್ದರಿಂದ ವಸ್ತಿಗೆ ತನ್ನದೇ ಆದ ಒಂದು ಕಟ್ಟಡ ಬೇಕೆಂದು ಸಭೆ ಕೂಡಿತ್ತು.

“ಒಂದ ಕಟ್ಟಡ ಆಗಲಿ, ಎಲ್ಲಾ ಅದರಾಗ ಇರಲಿ,” ಎಂದರು ಕಲ್ಲಯ್ಯ ಮಾಸ್ತರರು. “ನಡುವ ದೊಡ್ಡ ಸಭಾಗೃಹ. ಬಾಜೂಕ ವಾಚನಾಲಯ.”

“ಆಗಲಿ,” ಎಂದ ನೇಮಣ್ಣ.

“ಓದಾವ್ರಿಗೆ ಆತು, ಉಣ್ಣಾವ್ರಿಗೆ?” ಎಂದ ನಾಗಲಿಂಗ. ಅವನು ತಳ್ಳುಗಾಡಿಯ ಮೇಲೆ ಬೆಲ್ಲ, ಬೇಳೆ ಮಾರುವವನು. “ಮುಂದ ಒಂದ ಕಿರಾಣಿ ಅಂಗಡಿ ಇರಲಿ. ಯಾರರೆ ಒಬ್ರು ನಡಸ್ತಾರ.” ಆ ಯಾರೋ ಒಬ್ಬರು ಯಾರೆಂದು ಸಭೆಗೆ ತಿಳಿಯದೆ ಇರಲಿಲ್ಲ.

“ಆಗಲಿ,” ಎಂದ ನೇಮಣ್ಣ.

ನೇಕಾರ ಗುರುಪುತ್ರಪ್ಪ ಕೈಯೆತ್ತಿದ. “ನೂಲಿನ ಹಾಸು ಚಾಚಾಕ ಉದ್ದಾನ ಪಡಸಾಲಿ ಬೇಕ್ರಿ. ಬೀದ್ಯಾಗ ಚಾಚಿದ್ರ ಎಮ್ಮಿ ಬಂದು ನಡುವ ಹಾಯ್ತಾವು.”

ಬಾಗಿಲಲ್ಲಿ ನಿಂತಿದ್ದ ಶಿವಲಿಂಗವ್ವ ಸೆರಗು ಸರಿ ಮಾಡಿಕೊಂಡಳು. ವಸ್ತಿಯಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. “ಹೆಣ್ಮಕ್ಕಳಿಗೆ ಒಂದ ಖೋಲಿ ಬೇಕು. ಬೀಸೂ ಕಲ್ಲ ಅಲ್ಲೇ ಇದ್ರ ಬೀಸಕೋತ ನಾಕ ಮಾತ ಆಡಬಹುದು.”

ಎಲ್ಲದಕ್ಕೂ ನೇಮಣ್ಣ ಆಗಲಿ ಎಂದ. ಆಗಲಿ ಎನ್ನುವುದೇ ಅಧ್ಯಕ್ಷನ ಕೆಲಸವೆಂದು ಅವನು ತಿಳಿದುಕೊಂಡಿದ್ದ. ಕಟ್ಟುವ ಖರ್ಚಿನ ಮಾತು ಬಂದಾಗ ಮಾತ್ರ ಒಬ್ಬರಿಗೆ ಎಮ್ಮೆ ಕರೆಯುವುದು ನೆನಪಾಯಿತು, ಇನ್ನೊಬ್ಬರಿಗೆ ಸೊಂಟ ನೋವು ನೆನಪಾಯಿತು. ಸಭೆ ಮುಗಿಯಿತು.

ಮುನ್ಸಿಪಾಲ್ಟಿಯವರು ವಸ್ತಿಯ ನಡುವಿನ ಬಯಲನ್ನು ಕೊಟ್ಟರು. ವರ್ಷದೊಳಗೆ ಜಾಗ ಊರ ಉಪಯೋಗಕ್ಕೆ ಬೀಳದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಕರಾರೂ ಹಾಕಿದರು. ಓವರ್‌ಸಿಯರ್ ಸಾಹೇಬರು ತಾವೇ ನಕಾಶೆ ಬರೆದು, ಕೆಳಗೆ ಸಹಿ ಮಾಡಿ ಕಳಿಸಿದರು. ಅದನ್ನು ನೋಡಲು ಮತ್ತೆ ಸಭೆ ಸೇರಿತು. ಪ್ರತಿಯೊಬ್ಬರೂ ಕಾಗದವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದ್ದರಿಂದ ಆ ಸಂಜೆ ಕಟ್ಟಡದ ಬಾಗಿಲು ನಾಲ್ಕೂ ದಿಕ್ಕಿಗೆ ಒಂದೊಂದು ಸಲ ತಿರುಗಿತು. ಗುರುಪುತ್ರಪ್ಪ ಪಡಸಾಲೆಯ ಮೇಲೆ ಬೆರಳಿಟ್ಟು ಹಾಗೇ ಕೂತುಬಿಟ್ಟ.

“ಇದೇನ್ರಿ ಪಡಸಾಲಿ? ನನ್ನ ಬಟ್ಟಿನಷ್ಟೂ ಇಲ್ಲ.”

“ಅದು ಸಣ್ಣದ ಮಾಡಿ ಬರದದ್ದೋ ಮಾರಾಯಾ,” ಎಂದರು ಮಾಸ್ತರರು.

“ಸಣ್ಣದ ಯಾಕ ಮಾಡಿದ್ರಿ? ನಾ ದೊಡ್ಡದ ಕೇಳಿದ್ದೆ.”

ಈ ಪ್ರಶ್ನೆಗೆ ಮಾಸ್ತರರ ಶಾಲೆಯಲ್ಲಿ ಉತ್ತರ ಕಲಿಸಿರಲಿಲ್ಲ. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಆಗಲಿ ಎಂಬ ಮಾತು ಇಲ್ಲಿ ಹೊಂದುವುದಿಲ್ಲವೆಂದು ನೇಮಣ್ಣನಿಗೂ ಅನಿಸಿತು.

“ಹಂಗಾರ ದೊಡ್ಡದ ಬರಿಯೂಣು,” ಎಂದ. “ಕಟ್ಟಡ ಎಷ್ಟೈತೋ ಅಷ್ಟ.”

ಅಷ್ಟು ದೊಡ್ಡ ಕಾಗದ ಬೆಳಗಾವಿಯಲ್ಲಿ ಇರಲಿಲ್ಲವಾದ್ದರಿಂದ ಬಯಲಲ್ಲೇ ಬರೆಯುವುದೆಂದು ಠರಾವಾಯಿತು. ಗೌಂಡಿ ಸಿದ್ದಪ್ಪ ಹಗ್ಗ, ಗೂಟ, ಬುಟ್ಟಿ ತುಂಬ ಸುಣ್ಣದ ಪುಡಿ ತಂದ. ಮಾಸ್ತರರು ನಕಾಶೆ ಓದಿದ ಹಾಗೆ ಅವನು ಗೆರೆ ಎಳೆದ. ಸಂಜೆಗೆ ಕಟ್ಟಡ ಸಿದ್ಧವಾಯಿತು. ನಡುವೆ ಸಭಾಗೃಹ, ಬಲಕ್ಕೆ ವಾಚನಾಲಯ, ಮುಂದೆ ಅಂಗಡಿ, ಹಿಂದೆ ಹೆಣ್ಣುಮಕ್ಕಳ ಖೋಲಿ, ಎಡಕ್ಕೆ ಈ ತುದಿಯಿಂದ ಆ ತುದಿಗೆ ಪಡಸಾಲೆ. ಪೂರ್ವಕ್ಕೆ ಬಾಗಿಲಿನಷ್ಟು ಜಾಗವನ್ನು ಗೆರೆ ಎಳೆಯದೆ ಬಿಟ್ಟಿದ್ದ. ಬಾಗಿಲಲ್ಲಿ ಕಾಯಿ ಒಡೆದರು. ನೇಮಣ್ಣ ಸಭಾಗೃಹದ ನಡುವೆ ನಿಂತು ಸುತ್ತ ನೋಡಿದ. ಅವನ ಬಾಳೆಲ್ಲ ಎರಡು ಖೋಲಿಯ ಮನೆಯಲ್ಲಿ ಕಳೆದಿತ್ತು. ಇಷ್ಟು ದೊಡ್ಡ ಜಾಗದಲ್ಲಿ, ಅದೂ ಅಧ್ಯಕ್ಷನಾಗಿ, ಅವನು ಎಂದೂ ನಿಂತಿರಲಿಲ್ಲ. ಈ ಗೆರೆಯಿಂದ ಆ ಗೆರೆಗೆ ಎರಡು ಸಲ ನಡೆದು ನೋಡಿದ.

ನಾಗಲಿಂಗ ಮನೆಗೆ ಹೋಗಲು ಗೆರೆ ದಾಟುವುದರಲ್ಲಿದ್ದ. ಶಿವಲಿಂಗವ್ವ ಅವನ ರಟ್ಟೆ ಹಿಡಿದಳು.

“ಕಾಯಿ ಒಡದ ಮ್ಯಾಲೆ ಗೆರಿ ಅಂದ್ರ ಗ್ವಾಡಿ. ಗ್ವಾಡಿ ದಾಟಿದ್ರ ಕಟ್ಟಡ ಮ್ಯಾಲೆ ಏಳೂದಿಲ್ಲ. ನಮ್ಮ ತವರೂರಾಗ ಒಬ್ಬಾಂವ ಹಿಂಗ ದಾಟಿದ್ದ. ಇನ್ನೂ ಅಲ್ಲಿ ಎಮ್ಮಿ ಕಟ್ತಾರ.”

ಇದು ಬರೀ ಮೂಢನಂಬಿಕೆ ಎಂದು ಕಲ್ಲಯ್ಯ ಮಾಸ್ತರರು ವಿವರವಾಗಿ ತಿಳಿಸಿ ಹೇಳಿದರು. ಹೇಳಿ ಮುಗಿಸಿ, ಆ ಕಡೆ ಈ ಕಡೆ ನೋಡಿ, ಬಾಗಿಲಿನಿಂದಲೇ ಹೊರಗೆ ಹೋದರು. ಅವರ ಹಿಂದೆ ಎಲ್ಲರೂ ಬಾಗಿಲಿನಿಂದಲೇ ಹೋದರು.

ಆ ವಾರದಲ್ಲೇ ನೇಮಣ್ಣ ಮಗಳ ಸಂಬಂಧದ ಮಾತಿಗೆ ಖಾನಾಪುರಕ್ಕೆ ಹೋದ. ಮಗಳು ರತ್ನಮಾಲಾ ಒಬ್ಬಳೇ. ಹುಡುಗ ನೇಮಿನಾಥ, ಮರದ ವ್ಯಾಪಾರಿ ಧನಪಾಲ ಶೆಟ್ಟರ ಮಗ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದಾಗಿತ್ತು. ಉಳಿದದ್ದು ಹಿರಿಯರ ಮಾತು. ಆದರೆ ಧನಪಾಲ ಶೆಟ್ಟರೆಂದರೆ ಸುಲಭದ ಆಸಾಮಿಯಲ್ಲ. ಹಿಂದೆ ಒಂದು ಕಡೆ ಹೆಣ್ಣಿನವರು ನಮ್ಮ ಬಾವಿಯಲ್ಲಿ ನೀರಿದೆ ಎಂದಿದ್ದರಂತೆ. ಶೆಟ್ಟರು ಬಗ್ಗಿ ನೋಡಿದರೆ ಬಾವಿ ಒಣಗಿತ್ತು. ನಿಶ್ಚಯವಾದ ಸಂಬಂಧವನ್ನು ಅಲ್ಲೇ ಬಿಟ್ಟು, ಅಡಿಕೆ ವೀಳ್ಯ ಒಂದನ್ನೂ ಮುಟ್ಟದೆ ಎದ್ದು ಬಂದಿದ್ದರು.

ಅವರ ಮನೆಯಲ್ಲಿ ತೆಕ್ಕೆಗೆ ನಿಲುಕದ ಸಾಗವಾನಿ ಕಂಬಗಳಿದ್ದವು. ನೇಮಣ್ಣ ಅವುಗಳ ನಡುವೆ ಕೂತು ಸಣ್ಣವನಾಗುತ್ತಿದ್ದ. ಅವಲಕ್ಕಿ ತಿಂದಾದ ಮೇಲೆ ಶೆಟ್ಟರ ಅಕ್ಕ ಸೋನಾಬಾಯಿ ಕೇಳಿದರು.

“ಲಗ್ನಾ ನಿಮ್ಮ ಕಡೆ ಆಗಬೇಕಲ್ರಿ. ಮನಿ ಎಷ್ಟ ದೊಡ್ಡದೈತಿ?”

ಎರಡು ಖೋಲಿ ಎಂದು ಹೇಳಲು ನೇಮಣ್ಣ ಬಾಯಿ ತೆರೆದ. ಕಂಬಗಳು ಅವನನ್ನೇ ನೋಡುತ್ತಿದ್ದವು. “ಮನ್ಯಾಗ ಯಾಕ್ರಿ ಅಕ್ಕಾರ,” ಎಂದ. “ನಮ್ಮ ವಸ್ತಿದು ಸಭಾಮಂದಿರನ ಐತಿ. ಅಧ್ಯಕ್ಷ ನಾನ ಇದ್ದೀನ್ರಿ.”

ಧನಪಾಲ ಶೆಟ್ಟರು ಈವರೆಗೆ ಒರಗಿ ಕೂತವರು ನೆಟ್ಟಗಾದರು. “ದೊಡ್ಡದೈತೇನ್ರಿ?”

“ಮಂದಿ ಎಷ್ಟ ಬಂದ್ರೂ ಹಿಡಸ್ತಾರ್ರಿ.”

“ಗಾಳಿ ಬೆಳಕು?”

“ಅದಕ್ಕಂತೂ ಕೊರತಿ ಇಲ್ರಿ.”

“ಮಾಳಿಗಿ ಎತ್ತರ ಐತೇನು?”

“ಭಾಳ ಎತ್ತರ ಐತ್ರಿ.”

“ನಡುವ ಕಂಬ ಅಡ್ಡ ಬರ್ತಾವೇನು?”

“ಒಂದೂ ಬರೂದಿಲ್ರಿ.”

ಇಲ್ಲಿಯವರೆಗೆ ನೇಮಣ್ಣ ಒಂದಕ್ಷರ ಸುಳ್ಳಾಡಿರಲಿಲ್ಲ. ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. ಆದರೆ ಸೋನಾಬಾಯಿ, “ಎಲ್ಲಾ ಕಟ್ಟಿ ಮುಗಿದೈತಲ್ಲಾ?” ಎಂದು ಕೇಳಿದರು.

“ಬಣ್ಣ ಅಷ್ಟ ಬಾಕಿ ಐತ್ರಿ,” ಎಂದಿತು ನೇಮಣ್ಣನ ನಾಲಿಗೆ.

ಅಕ್ಷಯ ತದಿಗೆ ಕಳೆದ ಮೇಲಿನ ಮುಹೂರ್ತ ನಿಶ್ಚಯವಾಯಿತು. ಸಕ್ಕರೆ ಹಂಚಿದರು. ನೇಮಣ್ಣ ಸಂತೋಷದಿಂದ ಗಾಡಿ ಹತ್ತಿದ. ದೇಸೂರ ನಿಲ್ದಾಣದವರೆಗೆ ಸಂತೋಷವಾಗಿಯೇ ಇದ್ದ. ಅಲ್ಲಿ ಗಾಡಿ ನಿಂತಿತು. ನಿಲ್ದಾಣದ ಗೋಡೆ ಎದುರಿಗೇ ಕಂಡಿತು. ತಮ್ಮ ಸಭಾಮಂದಿರಕ್ಕೆ ಗೋಡೆ ಇಲ್ಲವೆಂಬುದು ಆಗ ಅವನಿಗೆ ನೆನಪಾಯಿತು.

“ಬಣ್ಣ ಬಾಕಿ ಅಂದ್ರಿ?” ಎಂದು ಕೇಳಿದಳು ಮನೆಯಲ್ಲಿ ಬೇಳೆ ಆರಿಸುತ್ತ ಕೂತಿದ್ದ ಹೆಂಡತಿ ಹೀರಾಬಾಯಿ.

“ಅಂದೆ.”

“ಗ್ವಾಡಿ?”

“ಗ್ವಾಡಿ ಸುದ್ದಿ ಅವರು ತಗೀಲಿಲ್ಲ.”

ಹೀರಾಬಾಯಿ ಬೇಳೆಯ ಮೊರ ಕೆಳಗಿಟ್ಟಳು. “ಬಾವಿ ಸಲುವಾಗಿ ಎದ್ದು ಬಂದ ಮಂದಿ. ನಮ್ಮ ಹುಡಿಗಿ ಆ ಹುಡಗನ್ನ ಬಿಟ್ರ ಒಲ್ಲೆ ಅಂತಾಳ. ಲಗ್ನದೊಳಗ ಕಟ್ರಿ, ಇಲ್ಲಾ ಹೋಗಿ ಖರೇ ಹೇಳಿ ಬರ್ರಿ.”

ಎರಡೂ ನೇಮಣ್ಣನ ಕೈಯಲ್ಲಿ ಆಗದ ಕೆಲಸಗಳೇ. ಅವನು ಸಭೆ ಕರೆದ. ನಡೆದದ್ದನ್ನು ಕೇಳಿ ಸಭೆ ಬಹಳ ಗಂಭೀರವಾಯಿತು. ಕಟ್ಟಿಸುವ ಮಾತಿಗೆ ಎಂದಿನಂತೆ ಎಮ್ಮೆ, ಸೊಂಟ ಅಡ್ಡ ಬಂದವು. ಕಡೆಗೆ ಗುರುಪುತ್ರಪ್ಪನೇ ದಾರಿ ತೋರಿಸಿದ.

“ಅಧ್ಯಕ್ಷರ ಮಾತು ಅಂದ್ರ ವಸ್ತಿ ಮಾತು. ಕಟ್ಟಡ ಇಲ್ಲ ಅನ್ನೂದ ಬ್ಯಾಡ. ನಾವು ದಿನಾ ಅದರಾಗ ಓಡಾಡೂಣು. ನಮಗ ರೂಢಿ ಆದ್ರ ಬೀಗರಿಗೂ ರೂಢಿ ಆಗತೈತಿ. ಮುನ್ಸಿಪಾಲ್ಟಿ ಕರಾರೂ ತೀರತೈತಿ.”

ಇದರಲ್ಲಿ ಎಲ್ಲೋ ಒಂದು ದೋಷವಿದೆಯೆಂದು ಮಾಸ್ತರರಿಗೆ ಅನಿಸಿತು. ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ನೇಮಣ್ಣ ಆಗಲಿ ಎಂದುಬಿಟ್ಟಿದ್ದ.

ಮರುದಿನದಿಂದ ವಸ್ತಿ ಕಟ್ಟಡಕ್ಕೆ ಬಂದಿತು. ನಾಗಲಿಂಗ ಅಂಗಡಿಯ ಗೆರೆಯೊಳಗೆ ತಕ್ಕಡಿ ತೂಗು ಹಾಕಲು ಮೂರು ಕೋಲು ನಿಲ್ಲಿಸಿದ. ಗಿರಾಕಿಗಳು ಗೆರೆಯ ಹೊರಗೆ ನಿಂತು ಬೆಲ್ಲ ಕೊಂಡರು. ಗುರುಪುತ್ರಪ್ಪ ಪಡಸಾಲೆಯಲ್ಲಿ ಹಾಸು ಚಾಚಿದ. ಮಾಸ್ತರರು ವಾಚನಾಲಯದಲ್ಲಿ ಚಾಪೆ ಹಾಸಿ ಪತ್ರಿಕೆ ಓದಿದರು. ನಾಗಲಿಂಗನ ಗದ್ದಲ ಜಾಸ್ತಿಯಾದಾಗ, “ನಡುವ ಗ್ವಾಡಿ ಇದ್ರೂ ಇಷ್ಟ ಕೇಳಸ್ತದಲ್ಲೋ,” ಎಂದು ಗೊಣಗಿದರು. ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಬೇರೆ ಓಣಿಯ ನಾಯಿಗಳು ಮಾತ್ರ ಗೋಡೆಯೊಳಗಿಂದ ಹಾದು ಹೋಗುತ್ತಿದ್ದವು. ಅವಕ್ಕೆ ಶಿವಲಿಂಗವ್ವ ಕಲ್ಲು ಬೀಸುತ್ತಿದ್ದಳು.

ಒಂದು ದಿನ ಓವರ್‌ಸಿಯರ್ ಸಾಹೇಬರು ನಕಾಶೆಯ ಸುರುಳಿ ಹಿಡಿದು ಜಾಗದ ತನಿಖೆಗೆ ಸೈಕಲ್ ಮೇಲೆ ಬಂದರು. ಬಂದವರು ನೇರವಾಗಿ ವಾಚನಾಲಯದ ಗೋಡೆಯಲ್ಲಿ ಹೊಕ್ಕು, ಮಾಸ್ತರರ ಚಾಪೆಯ ಅಂಚು ತುಳಿದು, ಸಭಾಗೃಹದ ನಡುವೆ ಇಳಿದರು. ನಾಗಲಿಂಗ ತೂಗುತ್ತಿದ್ದ ಬೆಲ್ಲ ಕೈಯಲ್ಲೇ ಉಳಿಯಿತು. ಮಾಸ್ತರರು ಎದ್ದು ನಿಂತು ಬಿದ್ದ ಗೋಡೆಯನ್ನು ನೋಡುವವರಂತೆ ಹಿಂದೆ ನೋಡಿದರು.

“ಸಾಹೇಬ್ರ, ಸೈಕಲ್ ತಗೊಂಡು ಗ್ವಾಡಿಗೆ ಹಾಯಿಸಿದ್ರಲ್ರಿ,” ಎಂದಳು ಶಿವಲಿಂಗವ್ವ.

“ಯಾವ ಗೋಡಿ? ಎಲ್ಲದ ಗೋಡಿ?”

“ನಿಮ್ಮ ಕೈಯಾಗಿನ ಕಾಗದದಾಗ ಐತಲ್ರಿ. ಬರದಾವ್ರು ನೀವ. ಕೆಳಗ ಸಹಿನೂ ನಿಮ್ದ ಅಂತ ಮಾಸ್ತರ ಹೇಳ್ಯಾರ.”

ಸಾಹೇಬರು ಕಾಗದ ಬಿಚ್ಚಿ ನೋಡಿದರು. ಗೋಡೆ ಇತ್ತು. ತಮ್ಮ ಸಹಿಯೂ ಇತ್ತು. ಸರಕಾರಿ ಮನುಷ್ಯ ತನ್ನ ಸಹಿಯನ್ನು ಅಲ್ಲಗಳೆಯುವಂತಿಲ್ಲ. ಅವರು ಸೈಕಲನ್ನು ಎತ್ತಿಕೊಂಡು ಬಾಗಿಲಿನಿಂದ ಹೊರಗೆ ಹೋಗಿ, ಅಲ್ಲಿ ಅದನ್ನು ನಿಲ್ಲಿಸಿ, ಬೂಟು ಕಳಚಿ ಮತ್ತೆ ಒಳಗೆ ಬಂದರು. ನೇಮಣ್ಣ ಕೈಮುಗಿದು, ಈಗಷ್ಟೇ ಬಂದವರನ್ನು ಕರೆದ ಹಾಗೆ, “ಬರ್ರಿ ಸಾಹೇಬ್ರ, ಕುಂದರ್ರಿ,” ಎಂದ.

“ಎಲ್ಲಾ ಛಲೋ ಐತ್ರಿ,” ಎಂದು ಮುಂದುವರಿಸಿದಳು ಶಿವಲಿಂಗವ್ವ. “ನಮ್ಮ ಖೋಲಿಗೆ ಮಾತ್ರ ಬಾಗಲಾ ಇಟ್ಟಿಲ್ಲ. ಸುತ್ತಾ ನೋಡಿ ಬಂದೀನಿ. ಬೀಸೂ ಕಲ್ಲ ಹೊರಗ ಉಳದಾವು. ನಾವು ಎಲ್ಲಿಂದ ಹೋಗೂದು?”

ಸಾಹೇಬರು ನಕಾಶೆಯನ್ನು ಮೂಗಿನ ಹತ್ತಿರ ಹಿಡಿದರು. ಹೆಣ್ಣುಮಕ್ಕಳ ಖೋಲಿಗೆ ನಾಲ್ಕು ಕಡೆಯೂ ಗೋಡೆ ಇತ್ತು. ಬಾಗಿಲು ಬರೆಯುವುದನ್ನು ಅವರು ಮರೆತಿದ್ದರು. ಇಟ್ಟಿಗೆಯಲ್ಲಿ ಕಟ್ಟಿದ ಮೇಲೆ ಇದು ಗೊತ್ತಾಗಿದ್ದರೆ ಬೆಳಗಾವಿಯೆಲ್ಲ ನಗುತ್ತಿತ್ತು. ಅವರು ಯಾರಿಗೂ ಏನೂ ಹೇಳದೆ, ಬರಿಗಾಲಿನಿಂದಲೇ ಗೆರೆ ಒರೆಸಿ ಬಾಗಿಲು ಮಾಡಿಕೊಟ್ಟರು. ಶಿವಲಿಂಗವ್ವ ಒಳಗೆ ಹೋಗಿ ನಿಂತು ತಲೆಯಾಡಿಸಿದಳು. ಸಾಹೇಬರು ಜಾಗದ ಉಪಯೋಗ ಪ್ರಾರಂಭವಾಗಿದೆ ಎಂದು ವರದಿ ಬರೆದುಕೊಂಡು, ನಾಗಲಿಂಗನ ಹತ್ತಿರ ಒಂದಿಷ್ಟು ಬೆಲ್ಲ ಕಟ್ಟಿಸಿಕೊಂಡು ಹೋದರು.

ಮುನ್ಸಿಪಾಲ್ಟಿಯ ಚಿಂತೆ ಕಳೆಯಿತು. ಉಳಿದದ್ದು ಬೀಗರು. ಲಗ್ನ ಹತ್ತಿರ ಬಂದ ಹಾಗೆ ನೇಮಣ್ಣನಿಗೆ ಅನ್ನ ಸೇರದಾಯಿತು. ಖಾನಾಪುರಕ್ಕೆ ಹೋಗಿ ಖರೇ ಹೇಳಿಬಿಡಬೇಕೆಂದು ಎರಡು ಸಲ ನಿಲ್ದಾಣದವರೆಗೆ ಹೋದ. ಒಂದು ಸಲ ಗಾಡಿ ತಪ್ಪಿತು. ಇನ್ನೊಂದು ಸಲ ಗಾಡಿ ಸಿಕ್ಕಿತು, ಧೈರ್ಯ ತಪ್ಪಿತು.

ಲಗ್ನದ ಹಿಂದಿನ ದಿನ ಮಧ್ಯಾಹ್ನ ಅಡ್ಡಮಳೆ ಬಿತ್ತು. ಒಂದು ಗಳಿಗೆ ಸುರಿದು ನಿಂತಿತು. ನೇಮಣ್ಣ ಓಡಿ ಬಂದು ನೋಡಿದರೆ ಸಭಾಮಂದಿರ ತೊಳೆದು ಹೋಗಿತ್ತು. ಸಭಾಗೃಹದ ಮೇಲೆ ಹಾಕಿದ್ದ ಲಗ್ನದ ಹಂದರ ಮಾತ್ರ ನೀರು ಸೋರುತ್ತ ನಿಂತಿತ್ತು. ಗೌಂಡಿ ಸಿದ್ದಪ್ಪ ದೇಸೂರಿಗೆ ಕೆಲಸಕ್ಕೆ ಹೋಗಿದ್ದ. ಅವನಿಗೆ ಹೇಳಿ ಕಳಿಸಿದರು. ಅವನು ಬರುವ ತನಕ ಕಾಯುವುದೇಕೆಂದು ವಸ್ತಿಯವರೇ ಬುಟ್ಟಿಯಲ್ಲಿ ಸುಣ್ಣ ಹಿಡಿದುಕೊಂಡು ನಿಂತರು. ಯಾರ ಖೋಲಿಯ ಗೆರೆ ಅವರೇ ಎಳೆದುಕೊಳ್ಳುವುದೆಂದಾಯಿತು. ಇಂಥ ತಪ್ಪನ್ನು ನಮ್ಮ ಜನ ಬಿಟ್ಟರೆ ಬೇರೆಯವರು ಮಾಡಲಾರರು.

ಮಾಸ್ತರರು ವಾಚನಾಲಯಕ್ಕೆ ಇನ್ನೊಂದು ಕಪಾಟು ಬರುವುದಿದೆಯೆಂದು ಸಭಾಗೃಹದ ಕಡೆ ಒಂದು ಮೊಳ ಸರಿದರು. ಬೆಲ್ಲದ ಪೆಂಟೆಗೆ ಜಾಗ ಬೇಕೆಂದು ನಾಗಲಿಂಗ ಎರಡು ಮೊಳ ಸರಿದ. ಇವರು ಸರಿದದ್ದನ್ನು ಕಂಡು ಗುರುಪುತ್ರಪ್ಪ ಸುಮ್ಮನಿದ್ದಾನೆಯೇ? ಪಡಸಾಲೆ ಹಿಗ್ಗಿ ಅಂಗಳದಷ್ಟಾಯಿತು. ಸಂಜೆಯ ಹೊತ್ತಿಗೆ ಸಭಾಗೃಹ ಒಂದು ಸಂದಿಯಷ್ಟು ಉಳಿದಿತ್ತು.

ಅರಿಸಿನ ಹಚ್ಚಿಸಿಕೊಂಡು ಕೂತಿದ್ದ ರತ್ನಮಾಲಾ ಎದ್ದು ಬಂದು ಅದರಲ್ಲಿ ನಿಂತಳು. “ಅಪ್ಪಾ, ಲಗ್ನಾ ಇದರಾಗ ಅಂದ್ರ ನಾ ಒಬ್ಬಾಕಿನ ಹಿಡಸ್ತೀನಿ ನೋಡು. ಅವರಿಗೆ ಕಿಡಕ್ಯಾಗಿಂದ ಮಾಲಿ ಹಾಕಬೇಕಾಗತೈತಿ.” ನಗಿಸಲು ಹೇಳಿದ ಮಾತು ಅದು. ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲೇ ನೀರು ಬಂತು.

ನೇಮಣ್ಣ ಮಗಳ ಮುಖ ನೋಡಿದ. ಈ ಕಟ್ಟಡ ಶುರುವಾದಾಗಿನಿಂದ ಅವನು ಯಾರಿಗೂ ಇಲ್ಲವೆಂದಿರಲಿಲ್ಲ. ಈಗ ಮೊಣಕಾಲಿನ ಚಿಂತೆ ಬಿಟ್ಟು ಆ ಸಂದಿಯ ಕೆಸರಲ್ಲಿ ಪದ್ಮಾಸನ ಹಾಕಿ ಕೂತುಬಿಟ್ಟ.

“ಆಗೂದಿಲ್ಲ,” ಎಂದ.

“ಏನ್ ಆಗೂದಿಲ್ರಿ?” ಎಂದ ಗುರುಪುತ್ರಪ್ಪ.

“ಒಂದೂ ಆಗೂದಿಲ್ಲ. ಗ್ವಾಡಿ ಮದ್ಲ ಎಲ್ಲಿದ್ವೋ ಅಲ್ಲಿಗೆ ಹೋಗಬೇಕು. ಅಲ್ಲೀ ತನಕಾ ಅಧ್ಯಕ್ಷ ಏಳೂದಿಲ್ಲ.”

ವಸ್ತಿಯವರು ಬೆರಗಾದರು. ಈ ಬಾಯಿಂದ ಇಂಥ ಮಾತು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ನಾಗಲಿಂಗ ತಲೆ ಕೆರೆದುಕೊಂಡ. “ಸರಿಸೂಣಂದ್ರ ಗ್ವಾಡಿ ಮುಟ್ಟಬಾರದಲ್ರಿ. ಕಟ್ಟಡ ಏಳೂದಿಲ್ಲಲ್ಲಾ?”

ಎಲ್ಲರೂ ಶಿವಲಿಂಗವ್ವನ ಕಡೆ ತಿರುಗಿದರು. ಅವಳು ಆಗಲೇ ಕಸಬರಿಗೆ ಹಿಡಿದುಕೊಂಡು ಬಂದಿದ್ದಳು. “ಇದಕ್ಕ ಇನ್ನೂ ಕಾಯಿ ಒಡದಿಲ್ಲ. ಇದು ಬರೀ ಸುಣ್ಣ. ಸರೀರಿ ಆಕಡೆ,” ಎಂದು ಮಾಸ್ತರರ ಗೋಡೆಯಿಂದ ಶುರು ಮಾಡಿ ಎಲ್ಲ ಗೋಡೆಗಳನ್ನೂ ಗುಡಿಸಿ ಹಾಕಿದಳು. ಕತ್ತಲಾಗುವುದರೊಳಗೆ ಸಿದ್ದಪ್ಪ ಬಂದ. ಅವನು ಬಡಿದ ಗೂಟಗಳು ನೆಲದಲ್ಲಿ ಹಾಗೇ ಇದ್ದವು. ಅವನ್ನು ಹಿಡಿದು ಮೊದಲಿನ ಗೆರೆಯಂತೆಯೇ ಎಳೆದ. ಹೊಸದಾಗಿ ಕಾಯಿ ಒಡೆದರು. ನೇಮಣ್ಣನನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಬೆಳಿಗ್ಗೆ ಖಾನಾಪುರದ ಗಾಡಿಗೆ ಬೀಗರು ಬಂದರು. ಅಂದು ರೈಲು ಗೇಟು ಕೂಡ ತೆರೆದೇ ಇತ್ತು. ಡೋಲು, ಸನಾದಿಗಳೊಡನೆ ದಿಬ್ಬಣ ಬಯಲಿಗೆ ಬಂದು ನಿಂತಿತು. ಮುಂದೆ ಧನಪಾಲ ಶೆಟ್ಟರು, ತಲೆಯ ಮೇಲೆ ದೊಡ್ಡ ಜರಿಯ ಪಟಗ. ಪಕ್ಕದಲ್ಲಿ ಸೋನಾಬಾಯಿ. ಹಿಂದೆ ಮದುಮಗ. ಶೆಟ್ಟರು ಹಂದರ ನೋಡಿದರು. ಅದರ ಸುತ್ತಲಿನ ಬಿಳಿಯ ಗೆರೆಗಳನ್ನು ನೋಡಿದರು. ಮತ್ತೇನಾದರೂ ಇದೆಯೇ ಎಂದು ಅದರಾಚೆಯೂ ನೋಡಿದರು. ಸನಾದಿ ನಿಂತಿತು.

ಬೀಗರೆಂದ ಮೇಲೆ ತಪ್ಪು ತೆಗೆಯಬೇಕು. ಸಾರಿಗೆ ಉಪ್ಪು ಕಡಿಮೆ, ಹಾಸಿದ ಜಮಖಾನೆ ಹಳೆಯದು, ಕರೆಯಲು ಬಂದವರು ಸಣ್ಣವರು, ಹೀಗೆ ಏನಾದರೊಂದು ಅನ್ನಬೇಕು. ತಪ್ಪು ತೆಗೆಯುತ್ತಿದ್ದಾರೆಂದರೆ ಸಂಬಂಧ ಗಟ್ಟಿಯಾಯಿತೆಂದೇ ನಮ್ಮ ಕಡೆ ಲೆಕ್ಕ. ಹೆದರಬೇಕಾದದ್ದು ಬೀಗರು ಸುಮ್ಮನಾದಾಗ. ಧನಪಾಲ ಶೆಟ್ಟರು ಸುಮ್ಮನಾಗಿದ್ದರು.

ನೇಮಣ್ಣ ಬಾಗಿಲಿನಿಂದ ಹೊರಗೆ ಬಂದು, ಗೋಡೆಯ ಗುಂಟ ನಡೆದು, ಅವರ ಮುಂದೆ ನಿಂತು ಕೈಮುಗಿದ.

“ಶೆಟ್ರ, ನಾ ಸುಳ್ಳ ಹೇಳಿದ್ದೆ. ಕಟ್ಟಡ ಇಷ್ಟ ಐತಿ. ಇದರಾಗ ನಮ್ಮ ಹುಡಿಗಿದು ಏನೂ ತಪ್ಪಿಲ್ಲ. ವಸ್ತಿ ಮಂದಿದೂ ತಪ್ಪಿಲ್ಲ. ನಿಮ್ಮ ಮನಿ ಕಂಬಾ ನೋಡಿ ನನಗ ನಾಚಿಕಿ ಆತು.”

ಸೋನಾಬಾಯಿಯ ಮುಖ ಕೆಂಪಾಯಿತು. “ಇದೇನ್ ಆಟ ಹಚ್ಚೀರಿ? ಎಲ್ಲದಾಳ ಆ ಹುಡಿಗಿ, ಆಕಿನ್ನ ಕೇಳ್ತೀನಿ,” ಎಂದು ಹಂದರದ ಕಡೆಗೆ ನೇರವಾಗಿ ಹೊರಟರು. ಕಾಲು ಗೆರೆಯ ಮೇಲೆ ಬರಬೇಕು, ಅಷ್ಟರಲ್ಲಿ ಒಳಗಿನಿಂದ ಶಿವಲಿಂಗವ್ವನ ದನಿ ಬಂತು.

“ಅಕ್ಕಾ, ಅಲ್ಲಿ ಗ್ವಾಡಿ ಐತಿ. ಬಾಗಲಾ ಈ ಕಡೆ.”

ಸೋನಾಬಾಯಿ ಎತ್ತಿದ ಕಾಲನ್ನು ಎತ್ತಿಯೇ ನಿಂತರು. ಅವರು ಒಳಗೆ ನೋಡಿದರು. ಹೆಣ್ಣುಮಕ್ಕಳು ತಮ್ಮ ಖೋಲಿಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದರು. ಹೋಳಿಗೆ ಹೊತ್ತವಳೊಬ್ಬಳು ಎರಡು ಹೆಜ್ಜೆ ದೂರದ ಹಂದರಕ್ಕೆ ಬರಲು ಖೋಲಿಯ ಬಾಗಿಲಿನಿಂದ ಹೊರಟು ಸುತ್ತು ಹಾಕಿ ಬಂದಳು. ಮಾಸ್ತರರು ಗೋಡೆಯಾಚೆ ನಿಂತಿದ್ದ, ಲಗ್ನ ಮಾಡಿಸುವ ಉಪಾಧ್ಯೆಯವರಿಗೆ ಅಕ್ಷತೆಯ ತಟ್ಟೆ ಕೊಡಬೇಕಾಗಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಅವರೂ ಸುತ್ತು ಹಾಕಿಯೇ ಹೋಗಿ ಕೊಟ್ಟರು. ಯಾರೂ ನಗುತ್ತಿರಲಿಲ್ಲ. ಬೀಗರಿಗೆ ತೋರಿಸಲೆಂದು ಮಾಡುತ್ತಲೂ ಇರಲಿಲ್ಲ. ಅವರಿಗೆ ರೂಢಿಯಾಗಿಬಿಟ್ಟಿತ್ತು.

ಸೋನಾಬಾಯಿ ತಮ್ಮನ ಮುಖ ನೋಡಿದರು. ದಿಬ್ಬಣವೆಲ್ಲ ಶೆಟ್ಟರ ಮುಖ ನೋಡಿತು. ಹಂದರದೊಳಗೆ ಹೀರಾಬಾಯಿ ಮಗಳ ಕೈ ಹಿಡಿದುಕೊಂಡಳು.

ಧನಪಾಲ ಶೆಟ್ಟರು ಗೆರೆಯನ್ನು ಇನ್ನೊಮ್ಮೆ ಕಣ್ಣಳತೆ ಮಾಡಿದರು. ಆಮೇಲೆ ಎಡಕ್ಕೆ ತಿರುಗಿ ಗೋಡೆಯ ಗುಂಟ ನಡೆಯತೊಡಗಿದರು. ಸೋನಾಬಾಯಿ ಕಾಲಿಳಿಸಿ ಅವರ ಹಿಂದೆ ಹೋದರು. ಅವರ ಹಿಂದೆ ನೇಮಣ್ಣ, ಮದುಮಗ, ದಿಬ್ಬಣ, ಡೋಲಿನವರು. ಪಡಸಾಲೆ ದಾಟಿ, ಮೂಲೆಯಲ್ಲಿ ತಿರುಗಿ, ಅಂಗಡಿಯ ಮುಂದೆ ಹಾದು ಎಲ್ಲರೂ ಬಾಗಿಲಿಗೆ ಬಂದರು. ಶೆಟ್ಟರು ಜೋಡು ಕಳಚಿದರು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಪಟಗದ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ, ಒಳಗೆ ಕಾಲಿಟ್ಟು ನೆಟ್ಟಗಾದರು. ಮುಖ ಗಂಟು ಹಾಕಿಕೊಂಡು ನೇಮಣ್ಣನ ಕಡೆ ತಿರುಗಿದರು.

“ಏನ್ರಿ ಬೀಗರ, ಬಾಗಲಾ ಇಷ್ಟ ಗಿಡ್ಡ ಮಾಡ್ಸೀರಿ? ಪಟಗಾ ತಾಗತೈತಿ.”

ನೇಮಣ್ಣನ ಕಣ್ಣೀರು ಧಾರೆಯಾಗಿ ಇಳಿಯಿತು, ಅದನ್ನು ಒರೆಸಿಕೊಳ್ಳುವುದೂ ಅವನಿಗೆ ತೋಚಲಿಲ್ಲ. ಶೆಟ್ಟರ ಹಿಂದೆ ನಿಂತಿದ್ದ ಸೋನಾಬಾಯಿ, “ಕಿಡಕಿನೂ ಸಣ್ಣವ ಅದಾವು,” ಎಂದು ಶುರು ಮಾಡಿದರು. ಸನಾದಿ ಮತ್ತೆ ಎದ್ದಿತು.

“ಏರಸ್ತೀನ್ರಿ ಬೀಗರ, ಏರಸ್ತೀನಿ,” ಎಂದು ನೇಮಣ್ಣ ಜನರ ನಡುವೆ ಗೌಂಡಿಯನ್ನು ಹುಡುಕಿದ. “ಸಿದ್ದಪ್ಪಾ, ನಾಳಿಂದ ಬಾಗಲಾ ಒಂದ ಮೊಳ ಏರಸು.”

“ಸಾಗವಾನಿ ಚೌಕಟ್ಟ ನಾ ಖಾನಾಪುರದಿಂದ ಕಳಸ್ತೀನಿ,” ಎಂದರು ಶೆಟ್ಟರು. “ಅಳತಿ ಮಾತ್ರ ನನ್ನ ತಲಿದು ತಗೋರಿ.”

ಸಿದ್ದಪ್ಪ ನೆಲದ ಮೇಲಿನ ಬಾಗಿಲನ್ನು ನೋಡಿದ, ಶೆಟ್ಟರ ಪಟಗವನ್ನು ನೋಡಿದ. “ಬಾಗಲಾ ಏರಸೂದಂದ್ರ ಮದ್ಲ ಗ್ವಾಡಿ ಏರಸಬೇಕಾಗತೈತ್ರಿ ಅಧ್ಯಕ್ಷರ.”

ನೇಮಣ್ಣ ವಸ್ತಿಯವರ ಕಡೆ ತಿರುಗಿದ. ಬೀಗರ ಎದುರಿಗೆ ಯಾರಿಗೂ ಎಮ್ಮೆ ನೆನಪಾಗಲಿಲ್ಲ, ಸೊಂಟವೂ ನೋಯಲಿಲ್ಲ.

“ಹಂಗಾರ ಅವನ್ನೂ ಏರಸು,” ಎಂದು ಹೇಳಿ ನೇಮಣ್ಣ ಬೀಗರ ಕೈ ಹಿಡಿದು ಹಂದರದೊಳಗೆ ಕರೆದುಕೊಂಡು ಹೋದ.